ಹಡಗಿನ ದರ ಇಳಿಯುವವರೆಗೆ

ನಮ್ಮ ಕಡೆ ದುಡ್ಡು ಕೊಟ್ಟು ಸಮುದ್ರ ನೋಡಲು ಹೋಗುತ್ತೇನೆ ಎಂದರೆ ಜನ ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಮನೆಯಲ್ಲಿ ಎಲ್ಲರೂ ಆರಾಮವಷ್ಟೆ ಎಂದು ವಿಚಾರಿಸುತ್ತಾರೆ. ಅವರದ್ದೂ ತಪ್ಪಿಲ್ಲ ಬಿಡಿ. ಕುಂದಾಪುರದಿಂದ ಬೈಂದೂರಿಗೆ ಹೋಗುವ ಬಸ್ಸಿನಲ್ಲಿ ಎಡಗಡೆ ಸೀಟು ಸಿಕ್ಕಿದರೆ ಟಿಕೇಟಿನ ದುಡ್ಡಿನಲ್ಲೇ ಬೇಕಾದಷ್ಟು ಸಮುದ್ರ ಸಿಗುತ್ತದೆ. ಆದರೂ ನನಗೆ ಹಡಗಿನಲ್ಲಿ ಹೋಗಬೇಕಿತ್ತು. ಅಡುಗೆ ಇನ್ಯಾರೋ ಮಾಡುವ, ಪಾತ್ರೆ ಇನ್ಯಾರೋ ತೊಳೆಯುವ, ಮುಖ್ಯವಾಗಿ ಗುರುತಿನವರು ಒಬ್ಬರೂ ಇಲ್ಲದ ಜಾಗದಲ್ಲಿ ಕಿಟಕಿಯ ಪಕ್ಕ ಗಂಡನ ಜೊತೆ ಕೂರಬೇಕಿತ್ತು. ಮದುವೆಯಾದ ಮೇಲೆ ನಾವಿಬ್ಬರೇ ಎಲ್ಲಿಗಾದರೂ ಹೋದದ್ದು ಅಂತ ಇಲ್ಲವೇ ಇಲ್ಲ. ಹೊಸತರಲ್ಲಿ ಕೊಲ್ಲೂರಿಗೆ ಹೊರಟಾಗಲೂ ಜೀಪು ತುಂಬ ನೆಂಟರಿದ್ದರು. ನಾನು ಹಿಂದಿನ ಸೀಟಿನಲ್ಲಿ ಯಾರದ್ದೋ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ, ಇವರು ಮುಂದೆ ಡ್ರೈವರನ ಪಕ್ಕ. ಘಾಟಿಯ ಬುಡ ತಲುಪುವ ಹೊತ್ತಿಗೆ ಮಗು ನನ್ನ ಹೊಸ ಸೀರೆಯ ಮೇಲೆ ವಾಂತಿ ಮಾಡಿತ್ತು.

ಇವರ ಬಗ್ಗೆ ಸ್ವಲ್ಪ ಹೇಳಬೇಕು. ಹೆಸರು ಚಂದ್ರಶೇಖರ. ಕುಂದಾಪುರದಲ್ಲಿ ಬಣ್ಣ, ಮೊಳೆ, ಪೈಪು ಮಾರುವ ಅಂಗಡಿ. ನಮ್ಮ ಮನೆ ಬ್ರಹ್ಮಾವರದಲ್ಲಿ. ನಾನು ಅಲ್ಲೇ ಒಂದು ಸೊಸೈಟಿಯ ಕೌಂಟರಿನ ಹಿಂದೆ ಕೂರುವವಳು. ಇವರು ಸಾಸ್ತಾನದ ಟೋಲು ತಪ್ಪಿಸಲು ಒಳದಾರಿ ಹಿಡಿದು, ಹೊಂಡಕ್ಕೆ ಬಿದ್ದು, ಟಯರು ಹಾಳು ಮಾಡಿಕೊಂಡು, ಮನೆಗೆ ಬಂದು ಟೋಲು ಉಳಿಯಿತು ಎಂದು ಸಂತೋಷಪಡುವ ಪೈಕಿ. ಇಂಥವರು ಹಡಗು ಎಂದ ಕೂಡಲೇ ಹೂಂ ಎಂದದ್ದು ನನಗೇ ಆಶ್ಚರ್ಯ. ಆದರೆ ಒಂದು ಷರತ್ತು: ದರ ಇಳಿಯಬೇಕು.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಬೆಳಿಗ್ಗೆ ಹಲ್ಲುಜ್ಜುತ್ತಾ ಫೋನಿನಲ್ಲಿ ಹಡಗಿನ ದರ ನೋಡುವುದು, ಊಟಕ್ಕೆ ಕೂತಾಗ ಮತ್ತೊಮ್ಮೆ ನೋಡುವುದು. ಏರಿದರೆ ಕಾಯಬೇಕು, ಏಕೆಂದರೆ ಏರಿದ್ದು ಇಳಿಯಲೇಬೇಕು. ಇಳಿದರೂ ಕಾಯಬೇಕು, ಏಕೆಂದರೆ ಇಳಿಯತೊಡಗಿದ್ದು ಇನ್ನೂ ಇಳಿಯುತ್ತದೆ. ಮೊದಲೇ ಮಾಡಿಸಿದರೆ ಅಗ್ಗ ಎಂದು ಒಬ್ಬರು ಹೇಳಿದರು, ಕೊನೆಯ ಗಳಿಗೆಯಲ್ಲಿ ಮಾಡಿಸಿದರೆ ಅಗ್ಗ ಎಂದು ಇನ್ನೊಬ್ಬರು. ಇವರು ಇಬ್ಬರನ್ನೂ ನಂಬಿದರು. ನೋಡನೋಡುತ್ತಾ ಮಳೆಗಾಲ ಬಂತು, ಹಡಗು ನಿಂತಿತು. "ಎಂತ ಮಾಡುದ್, ಬಪ್ಪ್ ವರ್ಷ ಕಾಂಬ," ಎಂದು ಹಡಗನ್ನು ಮುಂದಿನ ವರ್ಷಕ್ಕೆ ತಳ್ಳಿ ಇವರು ಮುಖ ಸಣ್ಣದು ಮಾಡಿದರು. ಆ ಸಣ್ಣ ಮುಖದಲ್ಲಿ ಒಂದು ನಮೂನೆಯ ನೆಮ್ಮದಿ ಇತ್ತೆಂದು ಈಗ ಅನಿಸುತ್ತದೆ. ಆಗ ನನಗೆ ಕಂಡದ್ದು ಜಿಪುಣತನ ಒಂದೇ.

ನಾನು ಬಿಡಲಿಲ್ಲ. ಮುಂದಿನ ಸೀಸನ್ನು ಬರುತ್ತಿದ್ದಂತೆ ಮಾತು ಬಿಟ್ಟೆ. ಚಾ ಕೊಡುತ್ತಿದ್ದೆ, ಆದರೆ ಲೋಟವನ್ನು ಮೇಜಿನ ಮೇಲೆ ತುಸು ಜೋರಾಗಿ ಇಡುತ್ತಿದ್ದೆ. ಇವರು ಏಜೆಂಟರಿಗೆ ಫೋನು ಮಾಡತೊಡಗಿದರು. ಉಡುಪಿಯವನ ದರವನ್ನು ಮಂಗಳೂರಿನವನಿಗೂ, ಮಂಗಳೂರಿನವನದ್ದನ್ನು ಮುಂಬಯಿಯವನಿಗೂ ಹೇಳಿ ಚೌಕಾಸಿ ನಡೆಸಿದರು. ಮುಂಬಯಿಯವನ ಜೊತೆ ತಮ್ಮ ಹರಕು ಹಿಂದಿಯಲ್ಲಿ ಬಹಳ ಹೊತ್ತು ಗುದ್ದಾಡಿದ ಮೇಲೆ ಆ ಕಡೆಯಿಂದ, "ಹ್ವಾಯ್, ನೀವ್ ನಮ್ಮ್ ಬದಿಯರಾ? ಮುಂಚೇ ಹೇಳುಕಾಗ್ದಾ?" ಎಂದು ಕೇಳಿಸಿತು. ಪುಣ್ಯಾತ್ಮ ಬೈಂದೂರಿನವನಂತೆ. ಆಮೇಲೆ ಊರಿನ ಸುದ್ದಿಯೇ ಸುದ್ದಿ, ಹಡಗು ಮೂಲೆಗೆ ಸರಿಯಿತು. ಫೋನು ಇಡುವ ಹೊತ್ತಿಗೆ ಅವನು ಇವರಿಗೊಂದು ಗುಟ್ಟು ಹೇಳಿಕೊಟ್ಟಿದ್ದ: ಒಂದೇ ಕೋಣೆಯಲ್ಲಿ ಮೂರನೆಯವರಿಗೂ ನಾಲ್ಕನೆಯವರಿಗೂ ದರ ಬಹಳ ಕಡಿಮೆ.

ಆ ಗುಟ್ಟು ನನಗೆ ತಿಳಿದದ್ದು ವಂಡ್ಸೆಯಿಂದ ಗಿರಿಜತ್ತಿಗೆಯ ಫೋನು ಬಂದಾಗ. ಗಿರಿಜತ್ತಿಗೆ ಎಂದರೆ ಇವರ ಅಕ್ಕ. ತಮ್ಮ ಎಷ್ಟು ಒಳ್ಳೆಯವನು, ತನ್ನನ್ನೂ ತನ್ನ ಗಂಡ ಸೀನ ಭಾವನನ್ನೂ ಹಡಗಿಗೆ ಕರೆದುಕೊಂಡು ಹೋಗುತ್ತಿದ್ದಾನೆ ಎಂದು ಗದ್ಗದ ಸ್ವರದಲ್ಲಿ ಹೇಳಿ, ಅಲ್ಲಿಯ ಊಟ ಸೇರದಿದ್ದರೆ ಎಂದು ತಾನು ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡಿರುವುದಾಗಿಯೂ ತಿಳಿಸಿದಳು. ಸಂಜೆ ಇವರು ಬಂದಾಗ ನಾನು ಬರುವುದಿಲ್ಲ, ನೀವು ಮೂವರೇ ಹೋಗಿ ಎಂದೆ. ಮೂವರಾದರೆ ತಲೆಗೆ ಬೀಳುವ ಖರ್ಚು ಹೆಚ್ಚಾಗುತ್ತದೆ ಎಂದರು. ನನ್ನ ಸ್ಥಾನ ಈ ಸಂಸಾರದಲ್ಲಿ ಏನೆಂದು ಅವತ್ತು ಸ್ಪಷ್ಟವಾಯಿತು. ಆದರೂ ಹೊರಟೆ. ಇಷ್ಟು ಕಾದ ಮೇಲೆ ಹಡಗನ್ನು ಗಿರಿಜತ್ತಿಗೆಗೆ ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಮುಂಬಯಿಯಲ್ಲಿ, ಕರಾವಳಿಗುಂಟ ದಕ್ಷಿಣಕ್ಕೆ ಹೋಗುವ ಹಡಗು ಹತ್ತಿದೆವು. ಬೀಗ ತೆಗೆದು ನೋಡಿದರೆ ಕೋಣೆಗೆ ಕಿಟಕಿಯೇ ಇಲ್ಲ. ನಾಲ್ಕು ಗೋಡೆ, ಕೆಳಗೆರಡು ಮಂಚ, ಗೋಡೆಯಿಂದ ಬಿಚ್ಚಿ ಇಳಿಸುವ ಇನ್ನೆರಡು ಮೇಲೆ. ದೀಪ ಆರಿಸಿದರೆ ಅಮಾವಾಸ್ಯೆ, ಹಾಕಿದರೆ ಮಟಮಟ ಮಧ್ಯಾಹ್ನ. ಗಿರಿಜತ್ತಿಗೆ ಎಚ್ಚರವಾದಾಗಲೆಲ್ಲ ಬೆಳಗಾಯಿತೆಂದು ದೀಪ ಹಾಕಿ ಶ್ಲೋಕ ಹೇಳುತ್ತಿದ್ದಳು. ಏಣಿ ಹತ್ತಿ ಮೇಲಿನ ಮಂಚದಲ್ಲಿ ಮಲಗಿದ ನನ್ನ ಮೂಗಿಗೂ ಚಾವಣಿಗೂ ಗೇಣು ಅಂತರ. ಸೀನ ಭಾವನ ಗೊರಕೆಗೂ ನನ್ನ ಕಿವಿಗೂ ಅಷ್ಟೂ ಅಂತರ ಇರಲಿಲ್ಲ. ಇವರೋ, ಹಗಲಿಡೀ ಊಟದ ಹಾಲಿನ ನಟ್ಟನಡುವಿನ ಮೇಜು ಹಿಡಿದು ಕೂತರು. ಮೇಲೆ ಡೆಕ್ಕಿಗೆ ಹೋಗೋಣ ಎಂದರೆ ಈಗಷ್ಟೇ ಪಾಯಸ ಇಟ್ಟಿದ್ದಾರೆ ಎನ್ನುತ್ತಿದ್ದರು. ಕೊಟ್ಟ ದುಡ್ಡನ್ನೆಲ್ಲ ಹೊಟ್ಟೆಯಲ್ಲಿ ವಸೂಲಿ ಮಾಡುತ್ತಿದ್ದಾರೆ ಎಂದುಕೊಂಡು ನಾನು ಒಬ್ಬಳೇ ಮೇಲೆ ಹೋಗಿ ಸಮುದ್ರ ನೋಡಿ ಬರುತ್ತಿದ್ದೆ. ಅಷ್ಟು ಮಾಡಲು ನಮ್ಮ ಊರಿನ ಬಸ್ಸಿನ ಎಡಗಡೆ ಸೀಟೇ ಸಾಕಿತ್ತು.

ಮರುದಿನ ಚಾ ಕುಡಿಯುವಾಗ ಸೀನ ಭಾವನೆದುರು ಕಿಟಕಿಯ ವಿಷಯ ತೆಗೆದೆ. ಮುಂಬಯಿಯಲ್ಲಿ ಹೋಟೆಲು ನಡೆಸಿದ ಮನುಷ್ಯ, ಏಜೆಂಟನ ಕಚೇರಿಗೆ ಹೋಗಿ ಟಿಕೇಟು ತಂದವರೂ ಅವರೇ. ಅವರು ಬಿಸ್ಕತ್ತನ್ನು ಚಾದಲ್ಲಿ ಅದ್ದುತ್ತಾ, "ಕಿಟಕಿ ಇಪ್ಪ್ ರೂಮಿನ ದರಕ್ಕೂ ಇದ್ಕೂ ಹೆಚ್ಚ್ ಫರಕ್ ಇರ್ಲಿಲ್ಲ. ನಾ ಹೇಳ್ದೆ, ಚಂದ್ರನೇ ಬ್ಯಾಡ ಅಂದ," ಎಂದರು.

ನನ್ನ ಪಿತ್ತ ನೆತ್ತಿಗೇರಿತು. ಊಟದ ಹಾಲಿಗೆ ಹೋಗಿ ಇವರ ಕೈ ಹಿಡಿದು ಎಬ್ಬಿಸಿ, ಜಗಳವಾಡುವುದಿದ್ದರೆ ಗಾಳಿಯಲ್ಲಾದರೂ ಆಡೋಣ ಎಂದು ಮೆಟ್ಟಿಲು ಹತ್ತಿಸಿದೆ. ಡೆಕ್ಕಿನ ಗಾಜಿನ ಬಾಗಿಲ ಹತ್ತಿರ ಇವರ ಕಾಲು ನಿಂತಿತು. ಎಳೆದೆ, ಬರಲಿಲ್ಲ. ಅಂಗೈ ಪೂರ್ತಿ ಬೆವರು. ಇಷ್ಟು ಉಳಿಸಿ ಏನು ಕಟ್ಟುತ್ತೀರಿ, ನನಗೊಂದು ಕಿಟಕಿ ಕೊಡಿಸಲು ಆಗಲಿಲ್ಲವೇ ಎಂದು ಕೇಳಿದೆ. ಇವರು ಸಮುದ್ರಕ್ಕೆ ಬೆನ್ನು ಹಾಕಿ ನಿಂತು ಮೆಲ್ಲಗೆ ಹೇಳಿದರು:

"ದುಡ್ಡಿಂದ್ ಅಲ್ಲ ಮಾರಾಯ್ತಿ. ನಂಗೆ ನೀರ್ ಕಂಡ್ರೆ ಹೆದ್ರಿಕೆ."

ಚಿಕ್ಕಂದಿನಲ್ಲಿ ಬಸ್ರೂರಿನ ಹತ್ತಿರ ಹೊಳೆ ದಾಟುವಾಗ ದೋಣಿ ಮಗುಚಿತ್ತಂತೆ. ಯಾರೋ ತಲೆಗೂದಲು ಹಿಡಿದು ಎಳೆದು ದಡಕ್ಕೆ ಹಾಕಿದರಂತೆ. ಅವತ್ತಿನಿಂದ ಸೇತುವೆಯ ಮೇಲೆ ಬಸ್ಸು ಹೋದರೂ ಕಣ್ಣು ಮುಚ್ಚಿ ಕೂರುತ್ತಾರಂತೆ. ಕರಾವಳಿಯವ ನೀರಿಗೆ ಹೆದರುತ್ತಾನೆ ಎಂದರೆ ಜನ ನಗುವುದಿಲ್ಲವೇ? ಅದಕ್ಕೇ ದರದ ನೆಪ ಹೂಡಿ ಒಂದು ಸೀಸನ್ನು ದಾಟಿಸಿದರು. ನಾನು ಬಿಡಲಿಲ್ಲವಾದ್ದರಿಂದ ಧೈರ್ಯಕ್ಕೆ ಅಕ್ಕನನ್ನು ಜೊತೆ ಮಾಡಿಕೊಂಡರು, ನೀರು ಕಾಣದ ಕೋಣೆ ಹುಡುಕಿದರು. ಹಾಗಾದರೆ ಬಂದದ್ದಾದರೂ ಯಾಕೆ ಎಂದೆ. "ನೀ ಅಷ್ಟ್ ಆಸೆ ಮಾಡಿದ್ದಿ ಅಲ್ದಾ," ಎಂದರು.

ಬಾಯಿ ತುಂಬ ತಂದಿದ್ದ ಜಗಳವನ್ನು ಎಲ್ಲಿ ಇಡುವುದೆಂದು ನನಗೆ ತಿಳಿಯಲಿಲ್ಲ. ಗಾಜಿನ ಒಳಗಡೆಯೇ ಎರಡು ಕುರ್ಚಿ ಎಳೆದು ಕೂತೆವು. ನಾನು ಸಮುದ್ರದ ಕಡೆ ಮುಖ ಮಾಡಿ, ಇವರು ನನ್ನ ಕಡೆ ಮುಖ ಮಾಡಿ. ಹಡಗು ನಮ್ಮ ಊರಿನ ನೇರಕ್ಕೆ ಎಲ್ಲೋ ಬಹಳ ದೂರದಲ್ಲಿ ಹೋಗುತ್ತಿತ್ತು. ಹೊತ್ತು ಮುಳುಗುವ ಸಮಯಕ್ಕೆ ಬಾಗಿಲು ತೆಗೆದು, ನನ್ನ ಕೈ ನೋಯುವಷ್ಟು ಬಿಗಿಯಾಗಿ ಹಿಡಿದು, ಇವರು ನಾಲ್ಕು ಹೆಜ್ಜೆ ಹೊರಗೂ ಬಂದರು. ಅಷ್ಟರಲ್ಲಿ ಗಿರಿಜತ್ತಿಗೆ ಉಪ್ಪಿನಕಾಯಿ ಭರಣಿ ಕಾಣುತ್ತಿಲ್ಲವೆಂದು ಹುಡುಕಿಕೊಂಡು ಬಂದಳು, ಅದು ಬೇರೆ ಮಾತು.

ಊರಿಗೆ ಬಂದ ಮೇಲೆ ಚಂದ್ರ ಜಿಪುಣತನದಿಂದ ಹೆಂಡತಿಯನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಕೂಡಿಹಾಕಿದ ಎಂದು ಎಲ್ಲರೂ ಆಡಿಕೊಂಡರು. ಇವರು ನಗುತ್ತಾ ಒಪ್ಪಿಕೊಂಡರು. ಜಿಪುಣ ಎನ್ನಿಸಿಕೊಳ್ಳುವುದರಲ್ಲಿ ಮರ್ಯಾದೆಗೇನೂ ಕೊರತೆಯಿಲ್ಲವಂತೆ. ನಿಜ ಸಂಗತಿಯನ್ನು ಯಾರಿಗೂ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ನಾನು ಕೊಟ್ಟ ಮಾತಿಗೆ ತಪ್ಪುವವಳಲ್ಲ, ಇದುವರೆಗೆ ಒಬ್ಬರಿಗೂ ಬಾಯಿಬಿಟ್ಟು ಹೇಳಿಲ್ಲ. ಬರೆಯಬಾರದು ಎಂದು ಇವರು ಹೇಳಿರಲಿಲ್ಲ, ಅಷ್ಟೆ.