ಯಾರು ಬಿದ್ರೆ ಯಾರು ಜವಾಬ್ದಾರಿ?

"ಹತ್ತನೇ ಕ್ಲಾಸು ದಾಟದ ತಲೆಗೆ ಇದೆಲ್ಲ ಎಲ್ಲಿ ಹೊಳೆಯುತ್ತೆ ಬಿಡ್ರೀ!" ಎಂದರು ಶಿವರುದ್ರಪ್ಪ. ಕುವೆಂಪುನಗರದ ಹಾಲಿನ ಬೂತಿನ ಮುಂದೆ, ಕ್ಯೂನಲ್ಲಿದ್ದವರಿಗೆಲ್ಲ ಕೇಳುವಂತೆ.

ಸಿದ್ದು ಮಾಡಿದ ತಪ್ಪು ಇಷ್ಟೇ. ತನ್ನ ಮನೆಯ ಸೋರುವ ತಾರಸಿ ರಿಪೇರಿಗೆ ಕಂಟ್ರಾಕ್ಟರ್ ಕುಮಾರಸ್ವಾಮಿ ಇವತ್ತು ಬರುತ್ತಾನೆಂದು ಬಾಯಿಬಿಟ್ಟಿದ್ದ.

"ಅವನಿಗೆ ಇನ್ಶೂರೆನ್ಸ್ ಇದ್ಯಾ ಅಂತ ಕೇಳಿದ್ಯೇನೋ? ನನ್ನ ಭಾವಮೈದನ ಮನೇಲಿ ಗಾರೆ ಕೆಲಸದೋನು ಬಿದ್ದ. ಆಸ್ಪತ್ರೆ ಖರ್ಚು ಯಾರ ತಲೆಗೆ ಬಂತು? ಮನೆ ಯಜಮಾನನ ತಲೆಗೆ!"

ಇಡೀ ಕ್ಯೂ ನಕ್ಕಿತು. ಸಿದ್ದುವಿನ ಮುಖ ಒಲೆ ಮೇಲಿನ ಕುಕ್ಕರಿನಂತಾಯಿತು, ಸೀಟಿಯೊಂದು ಬಾಕಿ. ತಿರುಗಿಸಿ ಬೈಯುವಂತಿರಲಿಲ್ಲ. ಶಿವರುದ್ರಪ್ಪನವರ ಮೇಲಂತಸ್ತಿನ ಗೋಡೆ ಎದ್ದಿತ್ತು. ಅದರ ವೈರಿಂಗ್ ತನಗೇ ಸಿಗಲೆಂದು ಎಲೆಕ್ಟ್ರಿಷಿಯನ್ ಸಿದ್ದು ಯುಗಾದಿಯಿಂದಲೂ ಅವರಿಗೆ ನಮಸ್ಕಾರ ಹೊಡೆಯುತ್ತಿದ್ದ. ಈ ಮಳೆಗಾಲದಲ್ಲಿ ಕೈಗೆ ಬೇರೆ ಕೆಲಸವೇ ಇರಲಿಲ್ಲ. ಹಾಲಿನ ಪ್ಯಾಕೆಟ್ಟಿನ ಕತ್ತು ಹಿಸುಕುತ್ತ ಮನೆಗೆ ಬಂದ.

ಕುಮಾರಸ್ವಾಮಿ ಆಗಲೇ ಬಂದು ಕಾಫಿ ಕುಡಿಯುತ್ತಿದ್ದ. ಅಡುಗೆಮನೆಯಲ್ಲಿ ತಾರಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ಕೆಲಸ ಶುರುಮಾಡಿಸಲು ಅವ್ವ ಮಂಚಮ್ಮ ತೆಂಗಿನಕಾಯಿ ಹಿಡಿದು ನಿಂತಿದ್ದಳು.

"ಇನ್ಶೂರೆನ್ಸ್ ಇದ್ಯೇನ್ರೀ?" ಎಂದ ಸಿದ್ದು.

"ಇಲ್ದೆ ಎಂಗೆ?" ಕುಮಾರಸ್ವಾಮಿ ಮೊಬೈಲ್ ಚಾಚಿದ.

"ಇದು ನಿಮ್ಮ ಸ್ಕೂಟರ್ದು ಕಣ್ರೀ!"

"ತಡೀರಿ, ಇನ್ನೊಂದದೆ. ನಾನು ಸತ್ರೆ ನಮ್ಮನೆಯವಳಿಗೆ ಬರೋದು."

"ನೀವು ಸತ್ರೆ ಸರಿ. ನಿಮ್ಮ ಆಳು ನಮ್ಮ ತಾರಸಿಯಿಂದ ಬಿದ್ದು ಸತ್ರೆ?"

ಮಂಚಮ್ಮನ ಕೈಯಿಂದ ಕಾಯಿ ಜಾರಿ ಗೇಟಿನವರೆಗೆ ಉರುಳಿತು. "ಶುಕ್ರವಾರ ಕಾಯಿ ಒಡೆಯೋ ಹೊತ್ನಲ್ಲಿ ಎಂಥ ಮಾತಾಡ್ಬುಟ್ಟೆ! ಬಾಯಿಗೆ ಬೀಗ ಹಾಕೋ!"

ಸಿದ್ದುವಿನ ಕಿವಿಯಲ್ಲಿ ಬೂತಿನ ನಗುವೇ ತುಂಬಿತ್ತು. ಬೀದಿಗೇ ಇಳಿದು ಅರಚಿದ. "ಇನ್ಶೂರೆನ್ಸ್ ಇಲ್ದೋರು ಯಾರೇ ಆಗ್ಲಿ, ಈ ಬೀದೀಲಿ ಒಬ್ಬರ ಮನೆಗೂ ಕಾಲಿಡಬಾರ್ದು! ಮನೆ ಮುಳುಗಿಸೋಕೆ ಬರ್ತೀರೇನ್ರೀ?"

ಕಿಟಕಿಗಳು ಪಟಪಟನೆ ತೆರೆದುಕೊಂಡವು. "ಸರಿಯಾಗ್ ಕೇಳ್ದೆ ಕಣೋ!" ಎಂದು ಎದುರುಮನೆ ಭಾಗ್ಯಮ್ಮ ಕೂಗಿದರು. ಕುಮಾರಸ್ವಾಮಿ ಅರ್ಧ ಕುಡಿದ ಲೋಟವನ್ನು ಕಾಂಪೌಂಡಿನ ಮೇಲಿಟ್ಟು, ಕಿವಿವರೆಗೆ ಕೆಂಪಾಗಿ ಹೊರಟುಹೋದ.

ಮಧ್ಯಾಹ್ನದೊಳಗೆ ಸಿದ್ದುವಿನ ಮಾತು ಬೀದಿಯ ಕಾನೂನಾಯಿತು. ಭಾಗ್ಯಮ್ಮ ಪೇಂಟರನ್ನು ಬ್ರಷ್ ಅದ್ದುವ ಮೊದಲೇ ವಾಪಸ್ ಕಳಿಸಿದರು. ನಲ್ಲಿ ರಿಪೇರಿಯವನು ಗೇಟಿನಲ್ಲೇ ತಿರುಗಿದ. ಸಂಜೆ ಶಿವರುದ್ರಪ್ಪನವರೇ ಸಿದ್ದುವಿಗೆ ಹೇಳಿಕಳಿಸಿದರು. ಹೋಗಿ ನೋಡಿದರೆ ಅವರ ಮನೆ ಮುಂದೆ ಅರ್ಧ ಬೀದಿ ನೆರೆದಿದೆ.

"ಬೆಳಿಗ್ಗೆ ಅಂದದ್ದು ತಪ್ಪಾಯ್ತು ಕಣಪ್ಪ. ನಾವು ಓದಿದೋರು ಬರೀ ಮಾತಾಡಿದ್ವಿ, ನೀನು ಮಾಡಿ ತೋರಿಸ್ದೆ."

ಚಪ್ಪಾಳೆ ಬಿತ್ತು. ಸಿದ್ದುವಿನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. ಇದೇ ಸಮಯವೆಂದು ಕೇಳಿಯೇಬಿಟ್ಟ. "ಹಾಗಾದ್ರೆ ಸಾರ್, ವೈರಿಂಗ್ ನಾಳೆಯಿಂದ ಶುರು ಮಾಡ್ಲಾ?"

"ಧಾರಾಳವಾಗಿ ಮಾಡಪ್ಪ. ಎಲ್ಲಿ, ನಿನ್ನ ಇನ್ಶೂರೆನ್ಸ್ ತೋರ್ಸು."

"ನಂದಾ?"

"ಯಾರೇ ಆಗ್ಲಿ ಅಂತ ನೀನೇ ಅಂದ್ಯಲ್ಲೋ!" ಎಂದರು ಭಾಗ್ಯಮ್ಮ.

ಸಿದ್ದುವಿನ ಕೈ ತಾನಾಗಿ ಜೇಬಿನ ಮೊಬೈಲಿಗೆ ಹೋಯಿತು.

"ಗಾಡೀದು ನಡೆಯಲ್ಲ ಕಣಪ್ಪ."

ದನಿ ಜಗುಲಿಯಿಂದ ಬಂತು. ಅಲ್ಲಿ ಕುಮಾರಸ್ವಾಮಿ ಬೋಂಡ ತಿನ್ನುತ್ತ ಕೂತಿದ್ದ. ಬೆಳಗಿನ ಅವಮಾನ ತಡೆಯಲಾರದೆ, ನೆಟ್ಟಗೆ ಹೋಗಿ ತನ್ನ ಆಳುಗಳಿಗೆಲ್ಲ ಇನ್ಶೂರೆನ್ಸ್ ಮಾಡಿಸಿಕೊಂಡು ಬಂದಿದ್ದ. ಇಡೀ ಬೀದಿಯಲ್ಲಿ ಕಾನೂನು ಪಾಲಿಸಿದವನು ಅವನೊಬ್ಬನೇ. ಶಿವರುದ್ರಪ್ಪನವರ ಮೇಲಂತಸ್ತಿನ ಬಾಕಿ ಕೆಲಸ ಪೂರ್ತಿ ಅವನಿಗೇ ಆಗಿತ್ತು.

"ವೈರಿಂಗ್‌ಗೂ ನಮ್ಮ ಉಡುಗ್ರು ಅವ್ರೆ ಸಾರ್," ಎಂದು ಕುಮಾರಸ್ವಾಮಿ ಕೈ ಒರೆಸಿಕೊಂಡ. "ಸಿದ್ದಣ್ಣ, ನಿಮ್ಮ ತಾರಸಿ ಮಾಡ್ಕೊಡ್ತೀನಿ ಬುಡಿ. ಈ ಮನೆ ಒಂದು ಮುಗೀಲಿ."

ನಗು ಎದ್ದಿತು. ಬೆಳಗಿನದು ಬರೀ ಹಾಲಿನ ಕ್ಯೂ. ಈಗಿನದು ಅರ್ಧ ಬೀದಿ. ಆಕಾಶದಿಂದ ದಪ್ಪ ಹನಿಯೊಂದು ಸಿದ್ದುವಿನ ನೆತ್ತಿಗೇ ಬಿತ್ತು. ಮನೆಯ ಬಕೆಟ್ಟು ಬೆಳಿಗ್ಗೆಯೇ ಮುಕ್ಕಾಲು ತುಂಬಿತ್ತು.

"ಏನಂತೀಯಪ್ಪ?" ಎಂದರು ಶಿವರುದ್ರಪ್ಪ.

ಸಿದ್ದು ಜೇಬಿನಿಂದ ಕೈ ತೆಗೆದ. ಬಕೆಟ್ಟು ಖಾಲಿ ಮಾಡಲು ಮನೆ ಕಡೆ ನಡೆದ.