ಗೊತ್ತಿಲ್ಲದ ಮನೆ

ಬೆಳಿಗ್ಗೆ ಎಂಟು ಗಂಟೆ. ಅಮೆರಿಕದ ಟೊಲೆಡೊ ನಗರದ ಲೆಸ್ಟರ್ ಕೊವಾಚ್ ತನ್ನ ಮನೆಯ ಬಗ್ಗೆ ಸಂಜೆಯವರೆಗೂ ಏನನ್ನೂ ತಿಳಿದುಕೊಳ್ಳಬಾರದೆಂದು ನಿರ್ಧರಿಸಿದ.

ಕಾರಣ, ದಲ್ಲಾಳಿ ಬ್ರೆಂಡಾ ಕೊಟ್ಟಿದ್ದ ಫಾರಂ. ಮನೆ ಮಾರುವವನು ತನಗೆ ಗೊತ್ತಿರುವ ದೋಷಗಳನ್ನೆಲ್ಲ ಅದರಲ್ಲಿ ಬರೆದು ಕೊಳ್ಳುವವರಿಗೆ ಕೊಡಬೇಕು.

"ಗೊತ್ತಿದ್ದೂ ಮುಚ್ಚಿಟ್ರೆ ಕೋರ್ಟು. ಗೊತ್ತೇ ಇಲ್ಲಾಂದ್ರೆ ತಪ್ಪಿಲ್ಲ," ಎಂದಿದ್ದಳು ಬ್ರೆಂಡಾ.

ಲೆಸ್ಟರ್‌ಗೆ ಹಿಡಿಸಿದ್ದು ಎರಡನೆಯ ಮಾತು. ಮಾರುವ ಯೋಚನೆ ಬಂದ ದಿನದಿಂದ ಅವನು ನೆಲಮಾಳಿಗೆಗೆ ಇಳಿದಿರಲಿಲ್ಲ; ಮಳೆ ಬಂದಾಗ ತಲೆ ಎತ್ತಿ ಛಾವಣಿ ನೋಡಿರಲಿಲ್ಲ. ಫಾರಂನ ಪ್ರತಿ ಪ್ರಶ್ನೆಗೂ 'ಗೊತ್ತಿಲ್ಲ' ಎಂದು ಬರೆದು ಕಳಿಸಿದ್ದ. ಅಂದು ಸಂಜೆ ಐದಕ್ಕೆ ಮನೆ ಕೊಳ್ಳಲಿದ್ದ ಹಾಗನ್ ದಂಪತಿ ಕರಾರಿಗೆ ಸಹಿ ಹಾಕಲು ಬರುವವರಿದ್ದರು. ಅದು ತಪ್ಪಿದರೆ ಸರೋವರದ ದಡದಲ್ಲಿ ಅವನು ಮಾತಾಡಿಟ್ಟಿದ್ದ ಪುಟ್ಟ ಮನೆ ಬೇರೆಯವರ ಪಾಲಾಗುತ್ತಿತ್ತು.

ಸಹಿಗೆ ಮುಂಚೆ ಏನಾದರೂ ಗೊತ್ತಾದರೆ ಅದನ್ನೂ ಬರೆದುಕೊಡಬೇಕಾಗುತ್ತಿತ್ತು; ಅಪಾಯವಿದ್ದದ್ದು ಬೀದಿಯವರಿಂದ. ಎದುರುಮನೆಯ ಅರ್ನಿ ರಸ್ತೆ ದಾಟಿ ಬಂದ. "ಲೆಸ್ಟರ್, ನಿನ್ ಚಿಮಣಿ ಯಾಕೋ ಒಂದ್ ಕಡೆ..."

ಲೆಸ್ಟರ್ ಗಡಗಡ ಸದ್ದುಮಾಡುವ ಹುಲ್ಲು ಕತ್ತರಿಸುವ ಯಂತ್ರ ಶುರುಮಾಡಿದ.

"ಕೇಳೋ ಮಾರಾಯ, ಅದು ವಾಲ್..."

ಲೆಸ್ಟರ್ ಉಣ್ಣೆ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡ. ಆಗ ಜುಲೈ ತಿಂಗಳು, ಅಲ್ಲಿ ಉರಿಬೇಸಿಗೆ.

ಅಂಚೆಯವಳು ಮೆಟ್ಟಿಲ ಕೆಳಕ್ಕೆ ಬೆರಳು ತೋರಿಸಿ ಮೂಗು ಹಿಡಿದುಕೊಂಡಳು. ಲೆಸ್ಟರ್ ಕಣ್ಣು ಮುಚ್ಚಿಕೊಂಡೇ ಹುಲ್ಲು ಕತ್ತರಿಸಿದ. ಗುಲಾಬಿ ಗಿಡಗಳು ಹೋದವು. ಮಧ್ಯಾಹ್ನದ ಹೊತ್ತಿಗೆ ಅಂಗಳ ಆಗತಾನೆ ಬೋಳಿಸಿದ ತಲೆಯಂತಿತ್ತು.

ಆಗ ಪಕ್ಕದ ಮನೆಯ ಡೊಲೊರೆಸ್ ಬಂದು ಯಂತ್ರಕ್ಕೆ ಅಡ್ಡ ನಿಂತಳು. ಅವನ ಮನೆ ತೋರಿಸಿದಳು, ತನ್ನ ಮನೆ ತೋರಿಸಿದಳು, ಏನೋ ಕೇಳಿದಳು. ಒಪ್ಪದಿದ್ದರೆ ಇವಳು ಜಾಗ ಬಿಡುವುದಿಲ್ಲವೆಂದು ಲೆಸ್ಟರ್ ತಲೆಯಾಡಿಸಿದ. ಅವಳು ಮತ್ತೊಮ್ಮೆ ಕೇಳಿದಳು. ಅವನು ಇನ್ನೂ ಜೋರಾಗಿ ಆಡಿಸಿದ. ಅವಳು ಅವನ ಕೆನ್ನೆಗೆ ಮುತ್ತು ಕೊಟ್ಟು ಹೊರಟುಹೋದಳು.

ಐದಕ್ಕೆ ಬ್ರೆಂಡಾ ಒಬ್ಬಳೇ ಬಂದಳು.

"ಅವರೆಲ್ಲಿ?"

"ಬರಲ್ಲ. ಕುಡಿಯೋ ನೀರು ಎಲ್ಲಿಂದ ಬರತ್ತೆ ಅನ್ನೋದಕ್ಕೂ 'ಗೊತ್ತಿಲ್ಲ' ಅಂತ ಬರ್ದಿದ್ದೀರಿ. ಇಪ್ಪತ್ತು ವರ್ಷ ಇದ್ದೋನಿಗೆ ಇಷ್ಟೂ ಗೊತ್ತಿಲ್ಲ ಅಂದ್ರೆ ಒಳಗೆ ಹೆಣ ಇರ್ಬೇಕು ಅಂತಿದಾರೆ. ಪಕ್ಕದ ಮನೆಗೆ ಸಹಿ ಹಾಕ್ಬಿಟ್ರು."

"ಡೊಲೊರೆಸ್ ಮನೆಗಾ? ಅದೂ ಸೋರತ್ತಲ್ಲ."

"ಹಾಗಂತ ಅವಳೇ ಬರ್ಕೊಟ್ಟಿದಾಳೆ. ಪೈಪು ಕಟ್ಕೊಳ್ಳತ್ತೆ, ಗೆದ್ದಲಿದೆ, ಎಲ್ಲಾ. ಇಂಥ ಸತ್ಯವಂತೆ ಸಿಗಲ್ಲ ಅಂದ್ರು."

ಅಷ್ಟರಲ್ಲಿ ಡೊಲೊರೆಸ್ಸೇ ಕೇಕು ಹಿಡಿದು ಬಂದಳು. "ನಿನ್ನ ಕೇಳ್ದೆ ಮಾಡಿಲ್ಲಪ್ಪ. 'ನಿನ್ ಗಿರಾಕಿಗಳು ನನ್ ಮನೇನೂ ಕೇಳ್ತಿದಾರೆ, ಕೊಟ್ಬಿಡ್ಲಾ?' ಅಂದೆ. ನೀನು ಹೂಂ ಅಂತ ತಲೆ ಆಡಿಸ್ದೆ. 'ನಿಜವಾಗ್ಲೂ?' ಅಂದೆ. ಕತ್ತು ಮುರಿಯೋ ಹಾಗೆ ಆಡಿಸ್ದೆ. ಎಂಥಾ ದೊಡ್ಡ ಮನಸ್ಸು ನಿಂದು."

ಸರೋವರದ ದಡದ ಮನೆಯನ್ನು ಶುಕ್ರವಾರ ಒಬ್ಬ ಹಲ್ಲಿನ ವೈದ್ಯ ಕೊಂಡ. ಹಾಗನ್ ದಂಪತಿ ಆಗಸ್ಟ್‌ನಲ್ಲಿ ಡೊಲೊರೆಸ್ ಮನೆಗೆ ಬಂದು ಸೇರಿದರು. ಬಂದ ಸಂಜೆಯೇ ಲೆಸ್ಟರ್‌ನ ಬಾಗಿಲು ತಟ್ಟಿ, ಅವನ ಮನೆಯಿಂದ ತಮ್ಮ ಅಂಗಳಕ್ಕೆ ನೀರು ಹರಿದುಬರುತ್ತಿದೆ ಎಂದು ತಿಳಿಸಿದರು.