ಮುದ್ದೆ ನುಂಗೋರಿಗೆ ನುಂಗೋದು ಕಲಿಸಿದ್ದು

ನನಗೆ ಇಂಥವು ಆಗ್ತಾನೇ ಇರುತ್ತವೆ. ಯಾಕೆ ಅಂತ ನನ್ನ ಜಾತಕ ಕೇಳಬೇಡಿ, ನನ್ನ ಕೆಲಸ ಏನು ಅಂತ ಕೇಳಿ. ಮಂಡ್ಯದ ಒಂದು ಆಸ್ಪತ್ರೆಯಲ್ಲಿ ನಾನು ಸ್ಪೀಚ್ ಥೆರಪಿಸ್ಟು. ವಾರದಲ್ಲಿ ಒಂದು ದಿನ ಮದ್ದೂರು, ಒಂದು ದಿನ ಮಳವಳ್ಳಿ. ಮಾತು ಬಾರದ ಮಕ್ಕಳಿಗೆ ಮಾತು ಕಲಿಸೋಳು ಅಂತ ಜನ ತಿಳ್ಕೊಂಡಿರ್ತಾರೆ. ಅದೂ ಹೌದು. ಆದರೆ ನನ್ನ ಹತ್ತಿರ ಬರೋರಲ್ಲಿ ಅರ್ಧಕ್ಕರ್ಧ ದೊಡ್ಡವರು. ಲಕ್ವ ಹೊಡೆದೋ, ಗಂಟಲಿನ ಆಪರೇಷನ್ ಆಗಿಯೋ, ತುತ್ತು ನುಂಗೋಕೆ ಕಷ್ಟಪಡೋರು. ಮಾತಾಡೋ ನಾಲಿಗೆ, ಗಂಟಲೇ ತಾನೇ ನುಂಗೋದೂ? ಹಾಗಾಗಿ ಎರಡೂ ರಿಪೇರಿ ನಮ್ಮ ಅಂಗಡೀಲೇ.

ಬೇರೆ ಜಿಲ್ಲೆಯಲ್ಲಾಗಿದ್ದರೆ ಇದಕ್ಕೊಂದು ಮರ್ಯಾದೆ ಇರುತ್ತಿತ್ತು. ಮಂಡ್ಯದಲ್ಲಿ ನಿಂತು ‘ನುಂಗೋದು ಕಲಿಸ್ತೀನಿ’ ಅಂದು ನೋಡಿ. ಇಲ್ಲಿ ಮುದ್ದೆಯನ್ನು ಅಗಿಯೋದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ಹಾಗೇ ಇಳಿಸೋದು. ಹಲ್ಲು ತಾಗಿದರೆ ಮಾನ ಹೋಯ್ತು ಅಂತ ಲೆಕ್ಕ.

ಬಸ್ಸಿನಲ್ಲಿ

ಮಳವಳ್ಳಿ ಬಸ್ಸಿನಲ್ಲಿ ಮಡಿಲ ಮೇಲೆ ಸೊಪ್ಪಿನ ಚೀಲ ಇಟ್ಟುಕೊಂಡ ಒಬ್ಬಾಕೆ ಪಕ್ಕ ಕೂತರು. ಟಿಕೆಟ್ ತಗೊಳ್ಳೋಕೆ ಮುಂಚೇನೇ ವಿಚಾರಣೆ ಶುರು.

‘ಏನ್ ಕೆಲ್ಸ ಕಣವ್ವ ನಿಂದು?’

‘ನುಂಗೋಕೆ ಆಗದೇ ಇರೋರಿಗೆ ನುಂಗೋದು ಕಲಿಸ್ತೀನಿ.’

ಆಕೆ ನನ್ನ ಮುಖ ನೋಡಿದರು, ನನ್ನ ಬ್ಯಾಗು ನೋಡಿದರು, ಆಮೇಲೆ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡಿದರು. ‘ಅದ್ಕೂ ಓದ್ಬೇಕಾ?’

‘ಓದ್ಬೇಕು. ವರ್ಷಗಟ್ಟಲೆ ಓದ್ಬೇಕು.’

ಇಳಿಯೋ ಹೊತ್ತಿಗೆ ಸೊಪ್ಪಿನ ಚೀಲ ಎತ್ತಿಕೊಂಡು, ನನ್ನ ಕಿವಿ ಹತ್ತಿರ ಬಗ್ಗಿ ಅಂದರು: ‘ನಮ್ ಯಜಮಾನ್ರಿಗೆ ನುಂಗೋದು ಚೆಂದಾಗ್ ಗೊತ್ತೈತೆ. ನಿಲ್ಸೋದು ಕಲ್ಸೋರು ಯಾರಾರ ಇದ್ರೆ ಯೋಳವ್ವ, ಕರ್ಕಂಡ್ ಬತ್ತೀನಿ.’

ನೆನೆಸಿಕೊಂಡವರು ಯಾರು?

ಬಂಡೂರು ಕಡೆಯ ಒಂದು ಹಳ್ಳಿಯ ಯಜಮಾನರಿಗೆ ಲಕ್ವ ಹೊಡೆದಿತ್ತು. ಕೈಕಾಲು ಬೇಗ ಸರಿಹೋಯಿತು. ಆದರೆ ಒಂದು ಲೋಟ ನೀರು ಕುಡಿದರೂ ನೆತ್ತಿಗೆ ಹತ್ತಿ ಕೆಮ್ಮು. ನಮ್ಮ ಕಡೆ ನೆತ್ತಿಗೆ ಹತ್ತಿದರೆ ಡಾಕ್ಟರನ್ನು ಯಾರು ಕೇಳ್ತಾರೆ? ಯಾರೋ ನೆನೆಸ್ಕೊಂಡವ್ರೆ ಅಂತ ತಲೆ ತಟ್ಟೋದು, ಅಷ್ಟೇ.

ಅವರ ಹೆಂಡತಿಯೂ ತಟ್ಟಿದರು. ತಟ್ಟಿ ತಟ್ಟಿ ಸಾಕಾಗಿ, ಹೀಗೆ ಹಗಲೆಲ್ಲ ನೆನೆಸ್ಕೊಳ್ತಿರೋದು ಯಾರು ಅಂತ ಯೋಚನೆ ಮಾಡಿದರು. ಮೊದಲ ಅನುಮಾನ ಪಕ್ಕದ ಮನೆಯ ಮೈದುನನ ಮೇಲೆ. ಗದ್ದೆಯ ಬದುವಿನ ವಿಷಯಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟು ಬಹಳ ಕಾಲವಾಗಿತ್ತು. ಆಯಮ್ಮ ನೇರವಾಗಿ ಹೋಗಿ, ‘ನೋಡಪ್ಪ, ನಿಮ್ಮಣ್ಣ ನೀರು ಕುಡ್ಯೋ ಅಂಗಿಲ್ಲ. ಒಸಿ ನೆನೆಸ್ಕೊಳ್ಳಾದು ನಿಲ್ಸು’ ಅಂದರಂತೆ.

‘ನಾನ್ಯಾಕೆ ಅವನ್ನ ನೆನೆಸ್ಕಳ್ಳಿ? ನಂಗ್ ಬ್ಯಾರೆ ಕೆಲ್ಸ ಇಲ್ವಾ?’ ಅಂದ ತಮ್ಮ.

ಸರಿ, ಮದ್ದೂರಿನಲ್ಲಿದ್ದ ನಾದಿನಿಗೆ ಫೋನು. ಆ ನಾದಿನಿಗೆ ಅಣ್ಣನ ಮೇಲೆ ಪ್ರಾಣ. ‘ನೆನೆಸ್ಕೊಂಡೆ ಕಣತ್ಗೆ’ ಅಂತ ಒಪ್ಪಿಕೊಂಡಳು, ಬೈಸಿಕೊಂಡಳು, ಇನ್ನು ನೆನೆಸ್ಕೊಳ್ಳಲ್ಲ ಅಂತ ಆಣೆ ಮಾಡಿ ಅತ್ತಳು. ಕೆಮ್ಮು ಮಾತ್ರ ನಿಲ್ಲಲಿಲ್ಲ. ಜ್ವರ ಬಂತು, ಶ್ವಾಸಕೋಶಕ್ಕೆ ನಂಜಾಯಿತು, ಮಂಡ್ಯಕ್ಕೆ ಕರೆತಂದರು. ಮೂಗಿಗೆ ಪೈಪು ಹಾಕಿ, ಊಟವೆಲ್ಲ ಅದರಲ್ಲೇ ಅಂತಾಯಿತು. ಆಗ ನನ್ನನ್ನು ಕರೆಸಿದರು.

ನಾನು ಆಯಮ್ಮನಿಗೆ ಚಿತ್ರ ಬರೆದು ತೋರಿಸಿದೆ. ಇದು ಅನ್ನ ಹೋಗೋ ದಾರಿ, ಇದು ಉಸಿರು ಹೋಗೋ ದಾರಿ. ಲಕ್ವದಿಂದ ಗಂಟಲಿನ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ, ಅದಕ್ಕೇ ನೀರು ಉಸಿರಿನ ದಾರಿಗೆ ಹೋಗ್ತಿದೆ. ಆಯಮ್ಮ ಎಲ್ಲವನ್ನೂ ಗಮನವಿಟ್ಟು ಕೇಳಿದರು. ಕೇಳಿ ತಲೆ ಮೇಲೆ ಕೈ ಹೊತ್ತರು.

‘ಅಂಗಾರೆ ಯಾರೂ ನೆನೆಸ್ಕಂಡಿಲ್ವಾ? ಸಿವ್ನೇ, ನಮ್ ನಾದ್ನಿ ಕೈಲಿ ಸುಮ್ಸುಮ್ಕೆ ಆಣೆ ಮಾಡುಸ್ಬುಟ್ನಲ್ಲ.’

ಯಾರ ಮನೆ ಮಗಳು

ಯಜಮಾನರಿಗೆ ಪಾಠ ಶುರುಮಾಡಿದೆ. ನೆಟ್ಟಗೆ ಕೂರಬೇಕು. ಸಣ್ಣ ತುತ್ತು ತಗೋಬೇಕು. ಗದ್ದವನ್ನು ಎದೆಗೆ ಬಗ್ಗಿಸಿ ನುಂಗಬೇಕು, ಉಳಿದದ್ದು ಇಳಿಯಲಿ ಅಂತ ಇನ್ನೊಂದು ಸಲ ನುಂಗಬೇಕು. ಆಮೇಲೆ ‘ಆ’ ಅನ್ನಬೇಕು. ದನಿ ನೀರಲ್ಲಿ ಗುಳುಗುಳು ಅಂದ ಹಾಗೆ ಬಂದರೆ ಗಂಟಲಲ್ಲಿ ಇನ್ನೂ ಏನೋ ನಿಂತಿದೆ ಅಂತ ಅರ್ಥ. ಎಲ್ಲದಕ್ಕೂ ತಲೆಯಾಡಿಸಿದರು. ‘ಮುಂದೆ ಮುದ್ದೆ ಶುರುಮಾಡಿದಾಗ ಚೆನ್ನಾಗಿ ಅಗೀಬೇಕು’ ಅಂದೆ ನೋಡಿ.

ಆವರೆಗೂ ತೊದಲುತ್ತಿದ್ದ ಮನುಷ್ಯ ಗಂಟೆ ಹೊಡೆದ ಹಾಗೆ ಕೇಳಿದರು: ‘ಮುದ್ದೇನಾ? ಅಗೀಬೇಕಾ?’

ಹೌದು ಅಂದೆ. ಆಮೇಲೆ ವಿಷಯ ಹೊರಗೆ ಬಂತು. ಮೊಮ್ಮಗಳ ಮದುವೆ ಗೊತ್ತಾಗಿದೆ, ಗಂಡಿನ ಮನೆಯವರು ಬೆಳಕವಾಡಿಯವರು. ಮದುವೆಯಾದ ಮೇಲೆ ಬೀಗರೂಟ ಇವರ ಮನೆಯಲ್ಲಿ. ಇವರ ವಂಶದಲ್ಲಿ ಬೀಗರೂಟಕ್ಕೆ ಮನೆಯ ಹಿರೀಕ ಪಂಕ್ತಿಯ ತಲೆಯಲ್ಲಿ ಕೂತು ಮೊದಲ ತುತ್ತು ಮುದ್ದೆ ನುಂಗಬೇಕು. ಆಮೇಲೇ ಬೀಗರು ಎಲೆಗೆ ಕೈ ಹಾಕೋದು.

‘ಮೂಗಲ್ಲಿ ಪೈಪ್ ಇಟ್ಕಂಡು ಬೀಗ್ರ ಎದುರ್ಗೆ ಎಂಗ್ ಕುಂತ್ಕಳ್ಳವ್ವ? ನಾನ್ ಕುಂತ್ಕಳ್ದಿದ್ರೆ ಆ ಜಾಗ್ದಲ್ಲಿ ಅವ್ನು ಕುಂತ್ಕತಾನೆ.’ ಅವನು ಅಂದರೆ ತಮ್ಮ. ಹೇಳ್ತಾ ಹೇಳ್ತಾ ಅತ್ತುಬಿಟ್ಟರು. ನನಗೂ ಕಣ್ಣು ತುಂಬಿತು. ‘ನೀವೇ ಕೂರ್ತೀರಿ ಯಜಮಾನ್ರೇ, ನಾನು ಕೂರಿಸ್ತೀನಿ’ ಅಂದುಬಿಟ್ಟೆ. ಅಂದ ಮೇಲೆ ಭಯವಾಯಿತು.

ಕಣ್ಣು ಒರೆಸಿಕೊಂಡು ಕೇಳಿದರು: ‘ಯಾವೂರು ನಿಂದು?’

‘ಮಂಡ್ಯಾನೇ.’

‘ಮಂಡ್ಯದೋಳಾಗಿ ಮುದ್ದೆ ಅಗಿ ಅಂತೀಯಲ್ಲ, ನಿಮ್ಮವ್ವ ನಿನ್ನ ಎಂಗ್ ಸಾಕುದ್ಲು?’

ಸಂಜೆ ಮನೆಗೆ ಬಂದು ಅಮ್ಮನಿಗೆ ಹೇಳಿದೆ. ನಗ್ತಾಳೆ ಅಂದುಕೊಂಡಿದ್ದೆ. ಅಮ್ಮ ಸಾರಿಗೆ ಒಗ್ಗರಣೆ ಹಾಕೋದು ನಿಲ್ಲಿಸಿ ತಿರುಗಿ ನೋಡಿದಳು. ‘ಸರಿಯಾಗೇ ಕೇಳವ್ರೆ. ಯಾರ ಮನೆ ಮಗಳು ಅಂತ ನೀನು ಹೇಳಿಲ್ಲ ತಾನೆ?’

ಗಟ್ಟಿ ಮಜ್ಜಿಗೆ

ಯಜಮಾನರು ಹಟವಾದಿ. ಹಟವಾದಿಗಳು ಬೇಗ ಸರಿಹೋಗ್ತಾರೆ. ಕೆಲವೇ ವಾರಗಳಲ್ಲಿ ಮೂಗಿನ ಪೈಪು ತೆಗೆದೆವು. ನೀರಿನಂಥದ್ದು ಮಾತ್ರ ಇನ್ನೂ ಬೇಡ, ಕುಡಿಯೋದೆಲ್ಲ ಗಟ್ಟಿಯಾಗಿರಲಿ ಅಂದೆ. ತೆಳುವಾದದ್ದು ಗಂಟಲಲ್ಲಿ ಓಡಿಬಿಡುತ್ತೆ, ಗಟ್ಟಿಯಾದದ್ದು ನಿಧಾನ ಬರುತ್ತೆ. ಅದಕ್ಕೊಂದು ಪುಡಿ ಬರುತ್ತೆ. ನೀರು, ಕಾಫಿ, ಮಜ್ಜಿಗೆ ಯಾವುದಕ್ಕೆ ಕಲಸಿದರೂ ಗಂಜಿಯ ಹದಕ್ಕೆ ಬರುತ್ತೆ. ಆಯಮ್ಮ ಒಂದು ಪಾತ್ರೆ ತುಂಬ ಮಜ್ಜಿಗೆಗೆ ಕೈ ಬಿಚ್ಚಿ ಪುಡಿ ಕಲಸಿಟ್ಟಿದ್ದರು.

ಅದೇ ದಿನ ಬೆಳಕವಾಡಿಯ ಬೀಗರು ಬಂದರು. ಬಿಸಿಲಲ್ಲಿ ಬಂದವರಿಗೆ ಮಜ್ಜಿಗೆ ಕೊಡಬೇಕಲ್ಲ, ಗಡಿಬಿಡಿಯಲ್ಲಿ ಆ ಪಾತ್ರೆಯಿಂದಲೇ ಲೋಟಕ್ಕೆ ಬಗ್ಗಿಸಿ ಕೊಟ್ಟಿದ್ದಾರೆ. ಬೀಗರು ಲೋಟ ಎತ್ತಿ ಬಗ್ಗಿಸಿದರು. ಬರಲಿಲ್ಲ. ಇನ್ನೂ ಬಗ್ಗಿಸಿದರು. ಮಜ್ಜಿಗೆ ಲೋಟ ಬಿಟ್ಟು ಕದಲಲಿಲ್ಲ. ದೊಡ್ಡ ಬೀಗರು ಬೆರಳಲ್ಲಿ ತೆಗೆದು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಚಪ್ಪರಿಸಿದರು.

‘ಮಜ್ಗೇನೇ ಇಂಗೈತೆ ಅಂದ್ರೆ ಮೊಸ್ರು ಎಂಗಿರ್ಬೇಡ? ಎಲ್ಲೈತಮ್ಮ ಎಮ್ಮೆ?’

ಕಾಯಿಲೆ ವಿಷಯ ಬೀಗರಿಗೆ ಗೊತ್ತಾಗೋದು ಬೇಡ ಅಂತ ಆಯಮ್ಮ ಬಾಯಿ ಬಿಡಲಿಲ್ಲ. ಬೀಗರು ಕೊಟ್ಟಿಗೆಗೆ ಹೋಗಿ ಎಮ್ಮೆಯ ಬೆನ್ನು ಸವರಿ, ಅದು ಹಾಕೋ ಮುಂದಿನ ಕರು ತಮಗೇ ಬೇಕು ಅಂತ ಮಾತು ತಗೊಂಡು ಹೋದರು.

ಮದ್ದೂರಿನ ಮಾನ

ಮದ್ದೂರಿನಲ್ಲಿ ಒಬ್ಬರು ಜೀವನಪೂರ್ತಿ ವಡೆ ಕರಿದವರು. ಗಂಟಲಿನ ಆಪರೇಷನ್ ಆದ ಮೇಲೆ ನನ್ನ ಹತ್ತಿರ ಬಂದರು. ಒಣಗಿದ್ದು, ಪುಡಿಪುಡಿಯಾಗಿ ಉದುರೋದು ಬೇಡ, ವಡೆ ತಿನ್ನಲೇಬೇಕು ಅಂದ್ರೆ ಮೊಸರಲ್ಲಿ ಚೆನ್ನಾಗಿ ನೆನೆಸಿ ತಿನ್ನಿ ಅಂದೆ. ಅವರ ಮುಖ ನೋಡಬೇಕಿತ್ತು.

ಮುಂದಿನ ವಾರ ಆ ದಾರಿಯಲ್ಲೇ ಹೋಗ್ತಾ ಅವರ ಮನೆಗೆ ಹೋದೆ. ಹಾಡಹಗಲು ಕಿಟಕಿ, ಬಾಗಿಲು ಎಲ್ಲ ಮುಚ್ಚಿದೆ. ಹೆಂಡತಿ ಜಗಲಿಯಲ್ಲಿ ಕಾವಲು ಕೂತಿದ್ದಾರೆ.

‘ಒಳ್ಗವ್ರೆ ಮೇಡಂ. ನೀವ್ ಯೋಳ್ದಂಗೆ ನೆನ್ಸಿದ್ ವಡೆ ತಿಂತಾವ್ರೆ.’

‘ಅದಕ್ಕೆ ಬಾಗಿಲು ಯಾಕೆ?’

‘ಮದ್ದೂರೋನು ವಡೇನ ಮೊಸ್ರಲ್ಲಿ ಅದ್ಕಂಡ್ ತಿನ್ನಾದ ಬೀದಿಯೋರ್ ನೋಡುದ್ರೆ ತಲೆ ಎತ್ಕಂಡ್ ತಿರ್ಗಾಡಾಕಾಯ್ತದಾ?’ ದನಿ ತಗ್ಗಿಸಿದರು. ‘ಕೇಳ್ದೋರ್ಗೆಲ್ಲಾ ಬಾಗ್ಲಾಕ್ಕಂಡು ಕುಡೀತಾವ್ರೆ ಅಂತ ಯೋಳಿವ್ನಿ.’

ನಾಲಿಗೆ ಪಂಚಾಯ್ತಿ

ಯಜಮಾನರಿಗೆ ನಾಲಿಗೆಯ ವ್ಯಾಯಾಮ ಹೇಳಿಕೊಟ್ಟಿದ್ದೆ. ನಾಲಿಗೆ ಪೂರ್ತಿ ಹೊರಗೆ ಚಾಚಬೇಕು, ಎಡಕ್ಕೆ ತಿರುಗಿಸಬೇಕು, ಬಲಕ್ಕೆ ತಿರುಗಿಸಬೇಕು, ‘ಈ’ ಅಂತ ದನಿ ಏರಿಸಬೇಕು. ಒಂದು ದಿನ ಮಳವಳ್ಳಿಯಲ್ಲಿ ಕೆಲಸ ಮುಗಿಯೋ ಹೊತ್ತಿಗೆ ಆ ಊರಿನವರು ಒಬ್ಬರು ಬಂದರು. ‘ಮೇಡಂ, ನಮ್ಮೂರ್ಗೊಂದ್ ಕಿತ ಬನ್ನಿ. ಅರಳೀಕಟ್ಟೆ ತಾವ ಪಂಚಾಯ್ತಿ ಸೇರೈತೆ. ನಿಮ್ ಮಾತು ಬೇಕು.’

ಹೋದರೆ ದೂರು ಕೊಟ್ಟಿದ್ದು ಆ ತಮ್ಮ. ಯಜಮಾನರು ಆಸ್ಪತ್ರೆಯಿಂದ ಬಂದಾಗಿನಿಂದ ಜಗಲಿ ಮೇಲೆ ಕೂತು ತನ್ನನ್ನು ಅಣಕಿಸ್ತಾರೆ ಅಂತ. ‘ಈ ವಯಸ್ನಲ್ಲಿ ನನ್ನ ನೋಡಿ ನಾಲ್ಗೆ ಚಾಚ್ತಾನೆ. ಚಾಚಿ ಆ ಕಡೀಕೊಂದ್ಸಲ ಈ ಕಡೀಕೊಂದ್ಸಲ ಆಡುಸ್ತಾನೆ. ಅದ್ರ ಮ್ಯಾಲೆ ಈ... ಅಂತಾನೆ. ನಾನೇನ್ ಮನ್ಸ ಅಲ್ವಾ?’

ಎಲ್ಲರೂ ನನ್ನ ಕಡೆ ನೋಡಿದರು. ಅದು ಅಣಕ ಅಲ್ಲ, ಚಿಕಿತ್ಸೆ, ಹಾಗೆ ಮಾಡಿದ್ರೇನೇ ನುಂಗೋ ಶಕ್ತಿ ಬರೋದು ಅಂತ ಬಿಡಿಸಿ ಹೇಳಿದೆ. ತಮ್ಮ ಸ್ವಲ್ಪ ಮೆತ್ತಗಾದ. ಬರೀ ಕೆಮ್ಮಲ್ಲ, ಅಣ್ಣನಿಗೆ ಅಷ್ಟು ಕಷ್ಟ ಇದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

‘ಆಯ್ತು, ಮದ್ದು ಅಂತಾನೇ ಇಟ್ಕಳಿ. ದಿವ್ಸಕ್ಕೆ ಎಸ್ಟ್ ಕಿತ ಮಾಡ್ಬೇಕು?’

‘ಮೂರು ಸಲ.’

‘ನಾನ್ ಓಡಾಡ್ದಾಗೆಲ್ಲಾ ಮಾಡ್ತಾನಲ್ಲ?’

ಯಜಮಾನರು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ‘ಜಾಸ್ತಿ ಮಾಡುದ್ರೆ ಜಾಸ್ತಿ ಒಳ್ಳೇದಲ್ವಾ ಮೇಡಂ?’ ಅಂದು ಇನ್ನೊಂದು ಸಲ ಮಾಡಿ ತೋರಿಸಿದರು.

ಬೀಗರೂಟ

ಬೀಗರೂಟಕ್ಕೆ ಮುಂಚೆ ಯಜಮಾನರನ್ನು ಎಕ್ಸ್‌ರೇ ಪರದೆಯ ಮುಂದೆ ಕೂರಿಸಿ ನುಂಗಿಸಿ ನೋಡಿದೆವು. ತುತ್ತು ತನ್ನ ದಾರಿ ಹಿಡಿದೇ ಹೋಯಿತು. ಆಗ ಮುದ್ದೆಗೆ ಒಪ್ಪಿದೆ. ಮೆತ್ತನೆಯ ಮುದ್ದೆ, ನೆಲ್ಲಿಕಾಯಿಯಷ್ಟು ತುತ್ತು, ಗಟ್ಟಿ ಸಾರು. ಅಗಿಯೋದರ ಬಗ್ಗೆ ನಾವಿಬ್ಬರೂ ರಾಜಿಯಾದೆವು. ‘ಬಾಯೊಳ್ಗೆ ಒಸಿ ಆಡುಸ್ತೀನಿ. ಅಗ್ದೆ ಅಂತ ಯಾರ್ಗೂ ಯೋಳ್ಬ್ಯಾಡ.’

ಆ ದಿನ ಶಾಮಿಯಾನದ ಕೆಳಗೆ ಎಲೆ ಹಾಕಿದರು. ಮುದ್ದೆ, ಬಾಡಿನ ಸಾರು, ಬೋಟಿ ಗೊಜ್ಜು ಎಲ್ಲ ಬಂತು. ಎದುರು ಸಾಲಿನಲ್ಲಿ ಬೆಳಕವಾಡಿಯ ಬೀಗರು. ಯಜಮಾನರು ಬಿಳಿ ಪಂಚೆ, ರುಮಾಲಿನಲ್ಲಿ ಪಂಕ್ತಿಯ ತಲೆಯಲ್ಲಿ ಕೂತರು. ಪಕ್ಕದ ಎಲೆಗೆ ತಮ್ಮ ಬಂದು ಕೂತ. ಯಾರು ಕರೆದರೋ, ಅವನೇ ಬಂದನೋ ಗೊತ್ತಿಲ್ಲ. ನಾನು ಹೆಂಗಸರ ಸಾಲಿನಲ್ಲಿ, ಅವರ ಮಾತು ಕೇಳಿಸೋವಷ್ಟು ಹತ್ತಿರ ಕೂತಿದ್ದೆ. ಬೀಗರ ಎದುರು ಯಜಮಾನರು ಕೆಮ್ಮಿದರೆ ಅವರು ಇನ್ನೊಂದು ಸಲ ತಲೆ ಎತ್ತೋದಿಲ್ಲ ಅಂತ ಗೊತ್ತಿತ್ತು.

ಯಜಮಾನರು ತುತ್ತು ಮುರಿದು ಸಾರಲ್ಲಿ ಹೊರಳಿಸಿ ಬಾಯಿಗಿಟ್ಟರು. ಬಾಯಲ್ಲಿ ಆಡಿಸಿದರು. ಗದ್ದ ಎದೆಗೆ ಬಗ್ಗಿಸಿ ನುಂಗಿದರು. ಇನ್ನೊಂದು ಸಲ ನುಂಗಿದರು. ಆಮೇಲೆ ತಲೆ ಎತ್ತಿ, ಇಡೀ ಶಾಮಿಯಾನಕ್ಕೆ ಕೇಳೋ ಹಾಗೆ ‘ಆ...’ ಅಂದರು. ದನಿ ಶುದ್ಧವಾಗಿತ್ತು. ಕೆಮ್ಮಿಲ್ಲ.

ನನಗೆ ಅಳು ಬರೋದರಲ್ಲಿತ್ತು. ಅಷ್ಟರಲ್ಲಿ ದೊಡ್ಡ ಬೀಗರು ಮೆಲ್ಲಗೆ ಯಜಮಾನರ ತಮ್ಮನನ್ನು ಕೇಳಿದರು: ‘ಇದೇನು ನಿಮ್ ಮನೆ ಪದ್ಧತಿಯಾ?’

ತಮ್ಮ ಅಣ್ಣನ ಮುಖ ನೋಡಿದ. ಲಕ್ವದ ವಿಷಯ ಹೇಳೋಕೆ ಅವನಿಗೆ ಒಂದು ಮಾತು ಸಾಕಿತ್ತು. ‘ಊಂ. ನಮ್ ತಾತನ್ ಕಾಲ್ದಿಂದ ನಡ್ಕಂಡ್ ಬಂದೈತೆ’ ಅಂದ. ಅಂದು ತಾನೂ ತುತ್ತು ಬಾಯಿಗಿಟ್ಟು, ಗದ್ದ ಬಗ್ಗಿಸಿ ನುಂಗಿ, ‘ಆ...’ ಅಂದ.

ಹೆಣ್ಣಿನ ಮನೆಯ ಪದ್ಧತಿ ಮೀರೋಕಾಗುತ್ತಾ? ದೊಡ್ಡ ಬೀಗರು ಗದ್ದ ಬಗ್ಗಿಸಿದರು. ಅವರ ಪಕ್ಕದವರು ಬಗ್ಗಿಸಿದರು. ಆ ಸಾಲಿಗೆ ಸಾಲೇ ‘ಆ...’ ಅಂದಿತು. ಹಿಂದಿನ ಸಾಲಿನವರು ನಾವೇನು ಕಮ್ಮಿ ಅಂತ ಇನ್ನೂ ಜೋರಾಗಿ ಅಂದರು.

ಆ ಗದ್ದಲದಲ್ಲಿ ಯಜಮಾನರು ತಮ್ಮನ ಕಡೆ ತಿರುಗಿದರು. ‘ನೋಡ್ಲಾ, ಇವತ್ತು ನೆತ್ತಿಗ್ ಹತ್ಲಿಲ್ಲ. ನೀನ್ ನೆನೆಸ್ಕಂಡಿಲ್ಲ ಅಂತ ಕಾಣ್ತದೆ.’

‘ಪಕ್ದಲ್ಲೇ ಕುಂತಿದ್ದೀಯಲ್ಲಣ್ಣ’ ಅಂದ ತಮ್ಮ. ‘ಇನ್ಯಾಕೆ ನೆನೆಸ್ಕಳ್ಳಾದು?’

ಅದನ್ನು ಕೇಳಿ ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಹಸಿವೂ ಆಗಿತ್ತು. ಮುದ್ದೆ ಮುರಿದು ಬಾಯಿಗಿಟ್ಟು, ಯಾರೂ ನೋಡ್ತಿಲ್ಲ ಅಂತ ಎರಡು ಸಲ ಅಗಿದೆ. ಪಕ್ಕದಲ್ಲಿ ಕೂತಿದ್ದ ಬೆಳಕವಾಡಿಯ ಅಜ್ಜಿ ಮೊಣಕೈಯಲ್ಲಿ ತಿವಿದರು.

‘ಓದ್ದೋಳಂಗ್ ಕಾಣ್ತೀಯ, ನುಂಗಾದೇ ಗೊತ್ತಿಲ್ವಲ್ಲವ್ವ. ಅಗೀತಾರಾ ಯಾರಾರ? ಗದ್ದ ಬಗ್ಸು. ನುಂಗು. ಇನ್ನೊಂದ್ ಕಿತ ನುಂಗು. ಈಗ ಆ ಅನ್ನು.’

ನಾನು ಗದ್ದ ಬಗ್ಗಿಸಿ ನುಂಗಿ, ಇನ್ನೊಂದು ಸಲ ನುಂಗಿ, ‘ಆ’ ಅಂದೆ.

‘ಆಂ, ಅಂಗೆ’ ಅಂದರು ಅಜ್ಜಿ. ‘ದಿವ್ಸಾ ಮಾಡು, ಬತ್ತದೆ.’